ರೋಲರ್ ಅದೇ, ಪುಲ್ಲಿ ಬೇರೆ

ಪ್ರಶ್ನೆ: ಸರ್, ಪಿಸಿಗೆಂದು ಬರೆದ ಪುಟ್ಟ ಆಪರೇಟಿಂಗ್ ಸಿಸ್ಟಮ್ ಒಂದನ್ನು ನಾವು ಮೂವರು ಗೆಳೆಯರು ಆರ್ಮ್ ಪ್ರೊಸೆಸರಿನ ಬೋರ್ಡಿಗೆ ಒಯ್ಯುತ್ತಿದ್ದೇವೆ. ಹಾರ್ಡ್‌ವೇರನ್ನು ನಡೆಸುವ ಕೋಡ್, ಅಂದರೆ ಡ್ರೈವರ್‌ಗಳೇ ತಲೆನೋವು. ಪ್ರತಿ ಫೈಲಿನಲ್ಲೂ ‘ಪಿಸಿ ಆದರೆ ಹೀಗೆ, ಆರ್ಮ್ ಆದರೆ ಹಾಗೆ’ ಎಂದು ಕೋಡನ್ನು ಆರಿಸುವ ಇಫ್‌ಡೆಫ್ ಸಾಲುಗಳು ತುಂಬಿವೆ. ಸೀರಿಯಲ್ ಪೋರ್ಟಿನಲ್ಲಿ ಅಕ್ಷರಗಳ ಬದಲು ಬರೀ ಕಸ ಬರುತ್ತಿದೆ. ಎಲ್ಲವನ್ನೂ ಹೊಸದಾಗಿ ಬರೆಯಬೇಕಾ?
– ಬಿ.ಇ. ವಿದ್ಯಾರ್ಥಿ, ಕಲಬುರಗಿ

ಉತ್ತರ: ಬೇಡ ತಮ್ಮಾ. ಇರುವ ಡ್ರೈವರನ್ನೇ ಎರಡು ಭಾಗ ಮಾಡಿ, ಸಾಕು: ಚಿಪ್ಪಿನ ಕೆಲಸ ಒಂದು, ಅದನ್ನು ಬೋರ್ಡಿಗೆ ಜೋಡಿಸುವ ಕೆಲಸ ಇನ್ನೊಂದು.

ನಮ್ಮಪ್ಪ ಇಲ್ಲೇ ನೆಹರೂ ಗಂಜಿನ ಒಂದು ತೊಗರಿಬೇಳೆ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದರು. ಮೊದಲು ಆಯಿಲ್ ಎಂಜಿನ್ ಇತ್ತು, ಆಮೇಲೆ ಕರೆಂಟಿನ ಮೋಟಾರ್ ಬಂತು. ಸಿಪ್ಪೆ ತೆಗೆಯುವ ರೋಲರನ್ನು ಅವರು ಮುಟ್ಟಲೇ ಇಲ್ಲ. ಪುಲ್ಲಿ ಬದಲಿಸಿದರು, ಬೆಲ್ಟ್ ಬದಲಿಸಿದರು. ಮೋಟಾರಿನ ವೇಗ ಬೇರೆ, ಆದರೆ ರೋಲರ್‌ಗೆ ಬೇಕಾದ ವೇಗ ಅದೇ ಅಲ್ವಾ?

ನಿಮ್ಮ ಕಸಕ್ಕೂ ಬಹುಶಃ ಇದೇ ಕಾರಣ. ಪಿಸಿಯ 16550 ಸೀರಿಯಲ್ ಚಿಪ್ಪಿಗೆ ಸಿಗುವ ಕ್ಲಾಕ್ 1.8432 ಮೆಗಾಹರ್ಟ್ಸ್. ಅದನ್ನು 16ರಿಂದ ಭಾಗಿಸಿದರೆ 115200, ಇದು ಸೆಕೆಂಡಿಗೆ ಇಷ್ಟು ಬಿಟ್ ಎಂಬ ವೇಗ. ಅದಕ್ಕೇ ಪಿಸಿ ಡ್ರೈವರಿನಲ್ಲಿ ಡಿವೈಸರ್, ಅಂದರೆ ಮತ್ತೆ ಭಾಗಿಸುವ ಸಂಖ್ಯೆ, 1 ಎಂದು ಬರೆದುಬಿಟ್ಟಿರುತ್ತಾರೆ. ನಿಮ್ಮ ಬೋರ್ಡಿನ ಕ್ಲಾಕ್ 24 ಮೆಗಾಹರ್ಟ್ಸ್ ಆಗಿದ್ದರೆ ಅದೇ 1ಕ್ಕೆ ವೇಗ 15 ಲಕ್ಷಕ್ಕೆ ಹೋಗುತ್ತದೆ. ಅಲ್ಲಿ 13 ಹಾಕಬೇಕು. ಇದು ಹೊಳೆಯದೆ ನಾನು ಮೂರು ರಾತ್ರಿ ಸುಮ್ನೆ ಕೇಬಲ್ ಬದಲಿಸುತ್ತಾ ಕೂತಿದ್ದೆ. ಇನ್ನೊಂದು ಮಾತು. ಪಿಸಿಯಲ್ಲಿ ಈ ಚಿಪ್ಪಿನ ರಿಜಿಸ್ಟರ್‌ಗಳು (ಓದಿ ಬರೆಯುವ ಪುಟ್ಟ ಕೋಶಗಳು) ಒಂದೊಂದು ಬೈಟ್ ದೂರದಲ್ಲಿವೆ, ಎಷ್ಟೋ ಆರ್ಮ್ ಬೋರ್ಡುಗಳಲ್ಲಿ ನಾಲ್ಕು ನಾಲ್ಕು ಬೈಟ್. ಕಸ ಬಂದರೆ ಮೊದಲು ಕ್ಲಾಕ್ ನೋಡಿ. ಏನೂ ಬರದಿದ್ದರೆ ಈ ಅಂತರ ನೋಡಿ.

ಈಗ ಜೋಡಣೆಗೆ ಬರೋಣ. ಕ್ಲಾಕ್, ವಿಳಾಸ, ಅಂತರ, ಇಂಟರಪ್ಟ್ (ಚಿಪ್ ಪ್ರೊಸೆಸರನ್ನು ಕರೆಯುವ ಸಂಕೇತ) ನಂಬರ್ ಇವೆಲ್ಲ ಬಸ್ಸಿನ, ಅಂದರೆ ಚಿಪ್ಪನ್ನು ಪ್ರೊಸೆಸರಿಗೆ ಜೋಡಿಸುವ ದಾರಿಯ ಕಡೆಯವು. ಚಿಪ್ ಡ್ರೈವರ್ ‘ಐದನೇ ರಿಜಿಸ್ಟರ್ ಓದು’ ಎಂದಷ್ಟೇ ಕೇಳಬೇಕು. ಅದನ್ನು ಪಿಸಿಯ ಪೋರ್ಟ್ ಸೂಚನೆಯಿಂದ ಓದಬೇಕೋ, ಮೆಮೊರಿ ವಿಳಾಸದಿಂದ ಓದಬೇಕೋ ಎಂಬುದು ಬಸ್ ಕೋಡಿನ ಕೆಲಸ. ನೆಟ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ಸೀರಿಯಲ್ ಡ್ರೈವರ್ ತೆರೆದು ನೋಡಿ. ಚಿಪ್ಪಿನ ಕೆಲಸವೆಲ್ಲ ಒಂದು ಕಡೆ ಇದೆ. ಐಎಸ್‌ಎ, ಪಿಸಿಎಂಸಿಐಎ ಎಂಬ ಬಸ್ಸುಗಳಿಗೆ ತಗುಲಿಸುವ ಕೋಡ್ ಬೇರೆ ಸಣ್ಣ ಸಣ್ಣ ಫೈಲುಗಳಲ್ಲಿದೆ. ಅಷ್ಟು ಚೊಕ್ಕ ಕೆಲಸ ನಾನು ಕಂಡಿದ್ದು ಕಡಿಮೆ.

ಬಸ್ಸುಗಳನ್ನು ಮರದ ಹಾಗೆ ಕಟ್ಟಿ. ಬೇಕಾದ ವಿವರವನ್ನು ತಾಯಿ ಬಸ್ ಮಗುವಿಗೆ ಕೊಡಬೇಕು, ಮಗು ತಾನೇ ಹುಡುಕಿಕೊಂಡು ಹೋಗಬಾರದು. ಪಿಸಿಐ ಬಸ್ಸಿನ ಕಾರ್ಡನ್ನು ಕೇಳಿದರೆ ತನ್ನ ತಯಾರಕರ ನಂಬರ್, ಸಾಧನದ ನಂಬರ್ ಹೇಳುತ್ತದೆ. ಆರ್ಮ್ ಚಿಪ್ಪಿನೊಳಗಿನ ಸೀರಿಯಲ್ ಪೋರ್ಟ್, ಐ2ಸಿ ಬಸ್ ಹೀಗೆ ಹೇಳುವುದಿಲ್ಲ. ಅವಕ್ಕೆ ನೀವೇ ಪಟ್ಟಿ ಕೊಡಬೇಕು. ಲಿನಕ್ಸ್‌ನಲ್ಲಿ ಡಿವೈಸ್ ಟ್ರೀ ಎನ್ನುವುದು ಇಂಥ ಪಟ್ಟಿಯೇ.

ನೆಟ್‌ವರ್ಕ್ ಕಾರ್ಡ್ ಕೊನೆಗಿರಲಿ. ಅದು ಡಿಎಂಎ ಮೂಲಕ, ಪ್ರೊಸೆಸರ್ ನಡುವೆ ಬರದೆ, ನೇರವಾಗಿ ಮೆಮೊರಿ ಓದುತ್ತದೆ. ಪಿಸಿಯಲ್ಲಿ ಕ್ಯಾಶೆಯನ್ನು (ಪ್ರೊಸೆಸರಿನ ಪಕ್ಕದ ತಾತ್ಕಾಲಿಕ ಮೆಮೊರಿ) ಹಾರ್ಡ್‌ವೇರೇ ಸರಿ ಇಡುತ್ತದೆ. ಎಷ್ಟೋ ಆರ್ಮ್ ಬೋರ್ಡುಗಳಲ್ಲಿ ಆ ಅನುಕೂಲ ಇಲ್ಲ, ಕಾರ್ಡಿಗೆ ಹಳೇ ಡೇಟಾ ಹೋಗಿಬಿಡುತ್ತದೆ. ಕ್ಯಾಶೆಯಲ್ಲಿರುವುದನ್ನು ಮೆಮೊರಿಗೆ ಬರೆದು ಖಾಲಿ ಮಾಡುವ ಕೆಲಸವೂ ಬಸ್ ಕೋಡಿನಲ್ಲೇ ಇರಲಿ.

ಮೊದಲು ಸೀರಿಯಲ್ ಡ್ರೈವರಿನಲ್ಲಿ ಒಂದೂ ಇಫ್‌ಡೆಫ್ ಉಳಿಯದ ಹಾಗೆ ಮಾಡಿ. ಅದೇ ಫೈಲ್ ಇಟ್ಟು ಪಿಸಿಯನ್ನೂ ಬೋರ್ಡನ್ನೂ ಬೂಟ್ ಮಾಡಿ. ಎರಡರಲ್ಲೂ ಅಕ್ಷರ ನೆಟ್ಟಗೆ ಬಂದ ದಿನ ನನಗೆ ಪತ್ರ ಬರೆಯಿರಿ.