ಜೈಲಿಗೆ ನಮ್ಮೂರ ಗೋಮಾಳವೇ ಬೇಕಾ?

ಪ್ರಶ್ನೆ: ನಮ್ಮದು ಜಗಳೂರು ತಾಲ್ಲೂಕಿನ ಸಣ್ಣ ಹಳ್ಳಿ. ಹೋದ ತಿಂಗಳು ಸರ್ವೆಯವರು ಬಂದು ಗೋಮಾಳ ಅಳೆದುಕೊಂಡು ಹೋದರು. ಅಲ್ಲಿ ಜೈಲು ಕಟ್ತಾರಂತೆ ಅಂತ ಊರಲ್ಲಿ ಮಾತು. ಹುಡುಗರಿಗೆ ಕೆಲಸ ಸಿಗುತ್ತೆ ಅಂತ ಕೆಲವರು ಖುಷಿಯಲ್ಲಿದ್ದಾರೆ, ಕುರಿ ಇರೋರು ತಲೆ ಮೇಲೆ ಕೈ ಹೊತ್ತು ಕೂತಿದ್ದಾರೆ. ಇಂಥದ್ದಕ್ಕೆಲ್ಲ ಹಳ್ಳಿಯೇ ಯಾಕೆ ಸರ್?

ಉತ್ತರ: ಅಳತೆ ಆಯ್ತು ಅಂದ ಮಾತ್ರಕ್ಕೆ ಜೈಲೇ ಬರುತ್ತೆ ಅಂತೇನಿಲ್ಲ. ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಪಹಣಿಯಲ್ಲೇ, ಅಂದರೆ ಜಮೀನು ಯಾರದ್ದು ಅಂತ ಹೇಳೋ ದಾಖಲೆಯಲ್ಲೇ ಇದೆ. ಒಂದು ಪ್ರತಿ ತೆಗೆಸಿ, ಒಂಬತ್ತನೇ ಕಾಲಂ ನೋಡಿ. ನಿಮ್ಮ ಹೊಲದ ಪಹಣಿಯಲ್ಲಿ ಅಲ್ಲಿ ನಿಮ್ಮ ಹೆಸರಿರುತ್ತೆ, ಗೋಮಾಳದ್ದರಲ್ಲಿ ಸರ್ಕಾರ ಅಂತ ಇರುತ್ತೆ. ನಿಮ್ಮ ಹೊಲ ತಗೊಳ್ಳಬೇಕಾದರೆ 2013ರ ಭೂಸ್ವಾಧೀನ ಕಾಯ್ದೆ ಪ್ರಕಾರ ನೋಟಿಸು, ವಿಚಾರಣೆ, ಹಳ್ಳಿ ಕಡೆ ಮಾರ್ಕೆಟ್ ಬೆಲೆಯ ನಾಲ್ಕು ಪಟ್ಟಿನವರೆಗೂ ಪರಿಹಾರ, ಅದರ ಮೇಲೆ ಕೋರ್ಟು. ಗೋಮಾಳಕ್ಕೆ ಒಂದು ಆದೇಶ ಸಾಕು.

ಚಳ್ಳಕೆರೆ ನಿಮಗೆ ದೂರವಲ್ಲ, ಅಲ್ವಾ? ಅಲ್ಲಿನ ಅಮೃತಮಹಲ್ ಕಾವಲಿನ, ಅಂದರೆ ದನ ಮೇಯೋ ಹುಲ್ಲುಗಾವಲಿನ, ಸುಮಾರು 10 ಸಾವಿರ ಎಕರೆ ಡಿಆರ್‌ಡಿಒ, ಇಸ್ರೋ, ಬಾರ್ಕ್, ಐಐಎಸ್‌ಸಿ ಅಂತ ರಕ್ಷಣೆ, ಬಾಹ್ಯಾಕಾಶ, ಅಣುಶಕ್ತಿ, ವಿಜ್ಞಾನದ ಸಂಸ್ಥೆಗಳಿಗೆ ಹಂಚಿಹೋಯ್ತು. ಅದು ಜೈಲಲ್ಲ, ನಿಜ. ಆದರೆ ದಾರಿ ಒಂದೇ. ಕುರಿ ಮೇಯಿಸಿ ಕಂಬಳಿ ನೇಯೋ ಎಷ್ಟೋ ಜನಕ್ಕೆ ವಿಷಯ ಗೊತ್ತಾಗಿದ್ದೇ ಗೋಡೆ ಎದ್ದ ಮೇಲೆ.

ಸಿಟಿಯೊಳಗೆ ಜೈಲು ಯಾರಿಗೂ ಬೇಡ. ಬೆಂಗಳೂರಿನ ಹಳೇ ಸೆಂಟ್ರಲ್ ಜೈಲು ಊರ ನಡುವೆಯೇ ಇತ್ತು. ಅದನ್ನ ಪರಪ್ಪನ ಅಗ್ರಹಾರಕ್ಕೆ ಸಾಗಿಸಿದರು, ಹಳೇ ಜಾಗ 2008ರಲ್ಲಿ ಫ್ರೀಡಂ ಪಾರ್ಕ್ ಆಯ್ತು. ಈಗ ಪರಪ್ಪನ ಅಗ್ರಹಾರದ ಸುತ್ತಲೂ ಮನೆಗಳೇ, ಜೈಲಿನ ಜಾಮರ್‌ನಿಂದ ನಮ್ಮ ಫೋನೂ ಸಿಗ್ತಿಲ್ಲ ಅಂತ ಆ ಮನೆಯವರ ಗೋಳು!

ಇನ್ನು ಕೆಲಸದ ಆಸೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಾರ್ಕೊರನ್ ಅಂತ ಹತ್ತಿ ಬೆಳೆಯೋ ಊರಿದೆ. ಬೇಸಾಯದಲ್ಲಿ ಕೂಲಿ ಕಮ್ಮಿಯಾದಾಗ ಊರಿನ ಮುಖಂಡರೇ ಮುಂದೆ ನಿಂತು ಜೈಲು ಕರೆಸಿಕೊಂಡರು, 1988ರಲ್ಲಿ ಅದು ಶುರುವೂ ಆಯ್ತು. ಸಂಬಳದ ಕೆಲಸ ಮಾತ್ರ ಬಹುಪಾಲು ಹೊರಗಿಂದ ಕಾರಲ್ಲಿ ಬಂದು ಹೋಗೋರ ಪಾಲಾಯ್ತು. ಕಾಟನ್ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದ್ದನ್ನ ಕಂಡ ದಾವಣಗೆರೆ ಜನಕ್ಕೆ ಆ ಆಸೆ ಎಂಥದ್ದು ಅಂತ ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲೂ ವಾರ್ಡರ್ ಕೆಲಸ ಪರೀಕ್ಷೆ ಬರೆದವರಿಗೆ, ಜಾಗ ಕೊಟ್ಟ ಊರಿನವರಿಗೆ ಅಂತ ಎತ್ತಿಡೋದಿಲ್ಲ. ಊರಿಗೆ ಸಿಗೋದು ಕಟ್ಟಡ ಏಳೋವರೆಗೆ ಗಾರೆ ಕೆಲಸ, ಆಮೇಲೆ ಗೇಟಿನ ಎದುರು ಎರಡು ಟೀ ಅಂಗಡಿ. ನನಗೆ ಅನ್ನಿಸೋದು ಇಷ್ಟೇ.

ನೀರಿನ ಲೆಕ್ಕ ಹಾಕಿ. ತಲೆಗೆ ದಿನಕ್ಕೆ 135 ಲೀಟರ್ ಅಂದುಕೊಂಡರೆ 500 ಕೈದಿಗಳಿಗೆ 67,500 ಲೀಟರ್, 5 ಸಾವಿರ ಲೀಟರ್ ಟ್ಯಾಂಕರ್ ಹದಿಮೂರು, ಹದಿನಾಲ್ಕು. ಜಗಳೂರು ಸೀಮೆಯ ಬೋರುಗಳ ಕಥೆ ನಿಮಗೇ ಗೊತ್ತು.

ಕೈದಿಗಳ ಕಡೆಯಿಂದಲೂ ಒಂದು ಮಾತು. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರಲ್ಲಿ ನೂರಕ್ಕೆ 75ಕ್ಕಿಂತ ಜಾಸ್ತಿ ಜನ ವಿಚಾರಣಾಧೀನರು, ಅಂದರೆ ಇನ್ನೂ ಶಿಕ್ಷೆಯೇ ಆಗದವರು. ಅವರಿಗೆ ಕೋರ್ಟು ಹತ್ತಿರ ಇರಬೇಕು, ವಕೀಲರು ಸಿಗಬೇಕು. ದಿನಕ್ಕೆರಡು ಬಸ್ಸು ಬರೋ ಊರಲ್ಲಿ ಜೈಲು ಕಟ್ಟಿದರೆ, ಮಗನನ್ನ ನೋಡೋಕೆ ಬರೋ ತಾಯಿ ಒಂದು ದಿನದ ಕೂಲಿ ಬಿಟ್ಟು, ಬುತ್ತಿ ಕಟ್ಟಿಕೊಂಡು ಬರಬೇಕು.

ಈಗ ನೀವು ಮಾಡೋ ಕೆಲಸ. ಸುಮ್ನೆ ಕೂರಬೇಡಿ. ಆ ಸರ್ವೆ ನಂಬರ್ ಹಾಕಿ, ಯಾವ ಉದ್ದೇಶಕ್ಕೆ ಅಳತೆ ಆಯ್ತು ಅಂತ ತಹಶೀಲ್ದಾರ್ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಕೊಡಿ. ಗ್ರಾಮಸಭೆಯಲ್ಲಿ ವಿಷಯ ಎತ್ತಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಇನ್ನೊಂದು, ಭೂಕಂದಾಯ ನಿಯಮದಲ್ಲಿ 100 ದನಕ್ಕೆ 30 ಎಕರೆ ಗೋಮಾಳ ಅಂತಿದೆ. ದನ ಕಮ್ಮಿ ಅಂತ ಕಾಗದದಲ್ಲಿ ಬಂದರೆ ಮಿಕ್ಕ ಜಾಗ ‘ಹೆಚ್ಚುವರಿ’ ಆಗಿಬಿಡುತ್ತೆ. ಪಶು ಆಸ್ಪತ್ರೆಗೆ ಹೋಗಿ ನಿಮ್ಮೂರ ಜಾನುವಾರು ಲೆಕ್ಕ ಎಷ್ಟು ಬರೆದಿದ್ದಾರೆ ಅಂತ ಈ ವಾರವೇ ನೋಡಿಕೊಂಡು ಬನ್ನಿ.