ದಿನಾ ಕೆಲಸಕ್ಕೆ ಹೋಗುವ ಸೈಕಲ್ಲು: ಓದುಗರ ಪ್ರಶ್ನೆ, ನಮ್ಮ ಉತ್ತರ

ಮುಂಬೈ, ಪುಣೆ, ಗೋವಾದ ಓದುಗರಿಂದ ಸೈಕಲ್ ಬಗ್ಗೆ ಪ್ರಶ್ನೆ ಕೇಳಿದ್ದೆವು. ಬಂದ ಪತ್ರಗಳಲ್ಲಿ ‘ಯಾವ ಕಂಪನಿ ಒಳ್ಳೆಯದು’ ಎಂಬುದನ್ನು ಬದಿಗಿಟ್ಟಿದ್ದೇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆನೆಯುವ ಊರುಗಳಲ್ಲಿ ಸೈಕಲ್ಲಿನ ಆಯುಸ್ಸನ್ನು ಕಂಪನಿಯ ಹೆಸರಿಗಿಂತ ರಿಮ್ಮು, ಬ್ರೇಕು, ಮಡ್‌ಗಾರ್ಡು, ಗ್ರೀಸು ಇವೇ ತೀರ್ಮಾನಿಸುತ್ತವೆ.

ಪ್ರಶ್ನೆ: ಮುಲುಂಡ್ ಪೂರ್ವದಲ್ಲಿ ಮನೆ, ಐರೋಲಿಯಲ್ಲಿ ಕಚೇರಿ. ಸೇತುವೆ ದಾಟಿ ಒಂದು ಕಡೆಗೆ ಏಳೆಂಟು ಕಿ.ಮೀ. ಮಗನ ಹಳೆಯ 26 ಇಂಚಿನ ಉಕ್ಕಿನ ಎಂಟಿಬಿ (ಮೌಂಟನ್ ಬೈಕ್) ಸೊಸೈಟಿಯ ಪಾರ್ಕಿಂಗ್‌ನಲ್ಲಿ ಧೂಳು ಹಿಡಿದು ನಿಂತಿದೆ. ಮುಂದೆ ಶಾಕ್ (ಕುಲುಕಾಟ ತಡೆಯುವ ಸ್ಪ್ರಿಂಗ್) ಇಲ್ಲ. ಅದನ್ನೇ ಸರಿ ಮಾಡಿಸಲೋ, 25 ಸಾವಿರ ಕೊಟ್ಟು ಶಾಕ್ ಇರುವ ಹೊಸದು ತರಲೋ?

ಶಾಕ್ ಇಲ್ಲದಿರುವುದೇ ಒಳ್ಳೆಯದಾಯಿತು. ಅಗ್ಗದ ಸೈಕಲ್ಲಿನ ಮುಂದಿನ ಶಾಕ್ ಎಂದರೆ ಎರಡು ಕಿಲೋಗೂ ಮಿಕ್ಕಿದ ಕಬ್ಬಿಣ. ಎರಡು ಮಳೆಗಾಲದಲ್ಲಿ ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿದು ಕೂರುತ್ತದೆ, ಜೊತೆಗೆ ಸರಿಯಾದ ಮಡ್‌ಗಾರ್ಡ್ ಕೂರಿಸಲು ಜಾಗವೂ ಇರುವುದಿಲ್ಲ. ಹಳೆಯದನ್ನೇ ಕಟ್ಟಿ. ಆದರೆ ಒಂದು ರೂಪಾಯಿ ಖರ್ಚು ಮಾಡುವ ಮುಂಚೆ ಫ್ರೇಮ್ ನೋಡಿ.

ಒದ್ದೆ ಬಟ್ಟೆಯಲ್ಲಿ ಒರೆಸಿ, ಟಾರ್ಚ್ ಹಿಡಿದು ಮೂರು ಕಡೆ ಪರೀಕ್ಷಿಸಿ: ಹ್ಯಾಂಡಲ್ ಕೆಳಗೆ ಇಳಿಯುವ ದಪ್ಪ ಪೈಪು ಕೂಡುವ ಜಾಗದ ಅಡಿಭಾಗ, ಪೆಡಲ್ ಅಚ್ಚಿನ ಸುತ್ತಲಿನ ಬೆಸುಗೆ, ಹಿಂದಿನ ಚಕ್ರ ಕೂರುವ ಕಚ್ಚು. ಪೇಂಟಿನಲ್ಲಿ ಕೂದಲೆಳೆಯಂಥ ಗೆರೆ, ಅದರೊಳಗಿಂದ ಕಂದು ನೀರು ಒಸರಿದ ಗುರುತು ಇದ್ದರೆ ಅದು ಬಿರುಕು, ಅಲ್ಲಿಗೇ ನಿಲ್ಲಿಸಿ. ಆಮೇಲೆ ಸೀಟಿನ ಪೈಪು ಎಳೆದು ನೋಡಿ. ಅದು ಅಲುಗಾಡದಿದ್ದರೆ, ಹ್ಯಾಂಡಲ್‌ನ ಸ್ಟೆಮ್ (ಅದನ್ನು ಫ್ರೇಮಿಗೆ ಹಿಡಿದಿಡುವ ತುಂಡು) ಕೂಡ ಕಚ್ಚಿಕೊಂಡಿದ್ದರೆ, ಬಿಡಿಸುವ ಕೂಲಿಗೆ ಇನ್ನೊಂದು ಹಳೆಯ ಫ್ರೇಮೇ ಸಿಗುತ್ತದೆ.

ಫ್ರೇಮ್ ಗಟ್ಟಿ ಇದ್ದರೆ ಮೊದಲ ದುಡ್ಡು ಚಕ್ರಕ್ಕೆ. ಹೊಳೆಯುವ ಕ್ರೋಮ್ ಉಕ್ಕಿನ ರಿಮ್ ಇದ್ದರೆ ತೆಗೆಸಿ, 36 ತೂತಿನ ಡಬಲ್ ವಾಲ್ ಅಲ್ಯೂಮಿನಿಯಂ ರಿಮ್ ಹಾಕಿಸಿ. ಕಾರಣ ಸರಳ: ಒದ್ದೆಯಾದ ಕ್ರೋಮ್ ಮೇಲೆ ಬ್ರೇಕ್ ರಬ್ಬರ್ ಜಾರುತ್ತದೆ, ಹಿಡಿಯುವುದಿಲ್ಲ. ಕಡ್ಡಿಗಳು (ಸ್ಪೋಕ್) 2 ಮಿ.ಮೀ. ಸ್ಟೇನ್‌ಲೆಸ್, ಅವನ್ನು ರಿಮ್ಮಿಗೆ ಬಿಗಿಯುವ ನಿಪ್ಪಲ್ ಹಿತ್ತಾಳೆಯದು. ಹಬ್ (ಚಕ್ರದ ನಡುವಿನ ಗುಂಬ) ತೆಗೆದುಕೊಳ್ಳುವ ಮುಂಚೆ ಹಿಂದಿನ ಎರಡು ಕಚ್ಚುಗಳ ನಡುವಿನ ಅಂತರ ಸ್ಕೇಲಿನಿಂದ ಅಳೆಯಿರಿ. 130 ಅಥವಾ 135 ಮಿ.ಮೀ. ಬರಬಹುದು, ಹಬ್ ಅದಕ್ಕೆ ಹೊಂದಬೇಕು.

ಟೈರಿನಲ್ಲಿ ಮೋಸ ಹೋಗುವವರು ಜಾಸ್ತಿ. ‘26 ಇಂಚು’ ಎಂದು ಅಂಗಡಿಯಲ್ಲಿ ಕೇಳಬೇಡಿ. ಎಂಟಿಬಿಯ 26 ಇಂಚಿಗೆ ರಿಮ್ ಮೇಲೆ ಟೈರು ಕೂರುವ ವ್ಯಾಸ 559 ಮಿ.ಮೀ.; 26 x 1 3/8 ಎಂದು ಬರೆದಿರುವ ಟೈರಿಗೆ ಅದೇ ವ್ಯಾಸ 590. ಹೆಸರು ಒಂದೇ, ಒಂದರ ಮೇಲೆ ಇನ್ನೊಂದು ಕೂರುವುದಿಲ್ಲ. ಟೈರಿನ ಬದಿಯಲ್ಲಿ ಕೊನೆಗೆ 559 ಎಂದು ಅಚ್ಚಾಗಿರಬೇಕು. ಗುಬುಟು ಗುಬುಟಾದ ಟೈರು ಬೇಡ. ಡಾಂಬರು, ಕಾಂಕ್ರೀಟಿನ ಮೇಲೆ ಅದು ಗುಂಯ್‌ಗುಡುತ್ತದೆ, ಕಾಲಿನ ಶಕ್ತಿ ತಿನ್ನುತ್ತದೆ. ನುಣುಪು ಮೈಯ 1.5 ಅಥವಾ 1.75 ಇಂಚಿನದು ಸಾಕು. 70 ಕಿಲೋ ತೂಕದವರಿಗೆ 1.5 ಇಂಚಿನ ಟೈರಿನಲ್ಲಿ ಹಿಂದೆ 50, ಮುಂದೆ 40 ಪಿಎಸ್‌ಐ ಸುತ್ತಮುತ್ತ ಗಾಳಿ ಇರಲಿ.

ಗಿಯರು: ಮುಂದೆ 38 ಹಲ್ಲಿನ ಒಂದೇ ಚಕ್ರ, ಹಿಂದೆ 14-28 ಹಲ್ಲಿನ 7 ಸ್ಪೀಡ್ ಫ್ರೀವೀಲ್ (ಹಲ್ಲುಚಕ್ರಗಳ ಗೊಂಚಲು). ದೊಡ್ಡ ಗಿಯರಿನಲ್ಲಿ ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ಲು ಸುಮಾರು 5.4 ಮೀಟರ್ ಹೋಗುತ್ತದೆ, ಸಣ್ಣದರಲ್ಲಿ 2.7 ಮೀಟರ್. ದೊಡ್ಡ ಗಿಯರನ್ನು ನಿಮಿಷಕ್ಕೆ 75 ಸುತ್ತು ತುಳಿದರೆ ಗಂಟೆಗೆ 24 ಕಿ.ಮೀ. ಆಗುತ್ತದೆ, ಕಚೇರಿಗೆ ಅದಕ್ಕಿಂತ ಯಾಕೆ? ಸಣ್ಣ ಗಿಯರು ಬೇಕಾಗುವುದು ಸೇತುವೆಯ ಏರಿಗಿಂತ ಹೆಚ್ಚಾಗಿ ಗಾಳಿಗೆ. ಮಳೆಗಾಲದ ಗಾಳಿ ನೈಋತ್ಯದ್ದು. ಸಂಜೆ ಮುಲುಂಡ್ ಕಡೆ ಬರುವಾಗ ಖಾಡಿಯ (ಸಮುದ್ರದ ಹಿನ್ನೀರಿನ) ಮೇಲೆ ಅದು ಎದುರಿಗೇ ಸಿಗುತ್ತದೆ. ಚೈನು 6-7-8 ಸ್ಪೀಡಿನ 3/32 ಇಂಚಿನದು, ಒಂದೇ ಗಿಯರಿನ ಸೈಕಲ್ಲಿನ 1/8 ಇಂಚಿನ ದಪ್ಪ ಚೈನು ಇಲ್ಲಿ ನಡೆಯುವುದಿಲ್ಲ.

ಪೆಡಲ್ ಅಚ್ಚನ್ನು ಸೀಲ್ ಆದ ಕಾರ್ಟ್ರಿಜ್‌ಗೆ ಬದಲಿಸಿ. ಗೋಲಿ ಮತ್ತು ಕಪ್ಪಿನ ಹಳೆಯ ಜೋಡಣೆಗೆ ಮಳೆನೀರು ಇಳಿದರೆ ವರ್ಷಕ್ಕೊಮ್ಮೆ ಬಿಚ್ಚಲೇಬೇಕು. ಬಿಚ್ಚುವಾಗ ನೆನಪಿಡಿ: ಬಲಗಡೆಯ ಕಪ್ಪಿಗೂ ಎಡಗಡೆಯ ಪೆಡಲಿಗೂ ಉಲ್ಟಾ ಮರೆ (ಥ್ರೆಡ್). ಇದು ಗೊತ್ತಿಲ್ಲದೆ ಮೈಮೇಲೆ ಬಿದ್ದು ಬಿಗಿಮಾಡಿ ಮರೆ ಹಾಳು ಮಾಡಿದ ಫ್ರೇಮುಗಳು ಗುಜರಿಯಲ್ಲಿ ಬೇಕಾದಷ್ಟಿವೆ.

ಕೇಬಲ್ ಎಲ್ಲಕ್ಕಿಂತ ಕೊನೆಗೆ. ಮೊದಲು ಸೀಟು ಹೊಂದಿಸಿ: ಗೋಡೆಗೆ ಕೈಕೊಟ್ಟು ಕುಳಿತು, ಪೆಡಲ್ ಪೂರ್ತಿ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಆಮೇಲೆ ಹ್ಯಾಂಡಲ್ ಎತ್ತರ. ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ, ಎಲ್ಲೂ ಜಗ್ಗದಷ್ಟು ಉದ್ದ ನೋಡಿ ಹೊರಕವಚ ಕತ್ತರಿಸಿ. ಬ್ರೇಕಿನ ಹೊರಕವಚದೊಳಗೆ ಸುರುಳಿ ತಂತಿ, ಗಿಯರಿನದರೊಳಗೆ ಉದ್ದುದ್ದ ತಂತಿ. ಉಳಿದಿದೆ ಎಂದು ಗಿಯರಿನ ಕವಚವನ್ನು ಬ್ರೇಕಿಗೆ ಹಾಕಿದರೆ, ಜೋರಾಗಿ ಹಿಡಿದ ದಿನ ಅದು ಸೀಳಿಕೊಂಡು ಬ್ರೇಕೇ ಇಲ್ಲದಂತಾಗುತ್ತದೆ. ವಿ ಬ್ರೇಕ್ (ಚಕ್ರದ ಎರಡೂ ಬದಿ ಉದ್ದ ತೋಳಿರುವುದು) ಇದ್ದರೆ ಹಿಡಿಕೆಯೂ ವಿ ಬ್ರೇಕಿನದೇ ಆಗಬೇಕು. ಹಳೆಯ ಕ್ಯಾಲಿಪರಿನ (ಚಕ್ರದ ಮೇಲಿಂದ ಇಕ್ಕುಳದಂತೆ ಹಿಡಿಯುವ ಬ್ರೇಕಿನ) ಹಿಡಿಕೆ ಕೇಬಲನ್ನು ಸಾಕಷ್ಟು ಎಳೆಯುವುದಿಲ್ಲ.

ಪ್ರಶ್ನೆ: ಘಾಟ್ಕೋಪರ್‌ನಿಂದ ಬರೆಯುತ್ತಿದ್ದೇನೆ. ಮಳೆ ಶುರುವಾದರೆ ಬ್ರೇಕು ಕಿರ್ರೋ ಎಂದು ಅರಚುತ್ತದೆ, ಒಂದೇ ಮಳೆಗಾಲಕ್ಕೆ ರಬ್ಬರ್ ಮುಗಿಯುತ್ತದೆ. ಚೈನಿಗೆ ಕೊಬ್ಬರಿ ಎಣ್ಣೆ ಬಿಡಬಹುದೇ?

ರಬ್ಬರ್ ಸವೆಸುವುದು ನೀರಲ್ಲ, ನೀರಿನ ಜೊತೆ ರಿಮ್ಮಿಗೆ ಹತ್ತುವ ಮರಳು, ಸಿಮೆಂಟಿನ ಕೆಸರು. ವಾರಕ್ಕೊಮ್ಮೆ ಚಕ್ರ ಬಿಚ್ಚಿ ರಬ್ಬರಿನ ಮೈ ನೋಡಿ. ಅದರಲ್ಲಿ ಬೆಳ್ಳಿಯಂತೆ ಮಿನುಗುವ ಚೂರುಗಳು ಕಾಣುತ್ತವೆ. ಅವು ನಿಮ್ಮ ರಿಮ್ಮಿನದೇ ಅಲ್ಯೂಮಿನಿಯಂ. ಪಿನ್ನಿನಿಂದ ಕಿತ್ತು ತೆಗೆಯಿರಿ, ಸ್ಯಾಂಡ್‌ಪೇಪರಿನಲ್ಲಿ ನಾಲ್ಕು ಸಲ ಉಜ್ಜಿ, ರಿಮ್ಮನ್ನು ಸೋಪಿನ ನೀರಲ್ಲಿ ತೊಳೆಯಿರಿ. ಹಾಗೇ ಬಿಟ್ಟರೆ ಆ ಚೂರುಗಳೇ ರಿಮ್ಮನ್ನು ಕೆರೆಯುತ್ತವೆ. ರಿಮ್ಮಿನ ಬದಿಗೆ ಸ್ಕೇಲ್ ಅಡ್ಡ ಹಿಡಿದಾಗ ನಡುವೆ ಬೆಳಕು ತೂರಿದರೆ ರಿಮ್ಮು ಒಳಕ್ಕೆ ಸವೆದು ಗುಳಿಬಿದ್ದಿದೆ. ಗುಳಿ ಆಳವಾದಷ್ಟೂ ಗೋಡೆ ತೆಳು, ಟೈರಿನ ಗಾಳಿಯ ಒತ್ತಡಕ್ಕೇ ಸಿಡಿಯಬಹುದು.

ಅರಚಾಟಕ್ಕೆ ಮದ್ದು: ರಬ್ಬರಿನ ಹಿಂದಿನ ತುದಿಗೂ ರಿಮ್ಮಿಗೂ ನಡುವೆ ಮಡಿಸಿದ ಕಾರ್ಡ್ ಇಟ್ಟು, ಬ್ರೇಕ್ ಹಿಡಿದು, ನಟ್ ಬಿಗಿಮಾಡಿ. ಮುಂದಿನ ತುದಿ ಒಂದು ಮಿ.ಮೀ.ನಷ್ಟು ಮೊದಲು ತಾಗಿದರೆ ಸದ್ದು ಅಡಗುತ್ತದೆ. ಒದ್ದೆ ರಿಮ್ಮಿನಲ್ಲಿ ಮೊದಲ ಒಂದೆರಡು ಸುತ್ತು ಬರೀ ನೀರು ಒರೆಸುವುದಕ್ಕೇ ಹೋಗುತ್ತದೆ, ಹಾಗಾಗಿ ಸಿಗ್ನಲ್ ಇನ್ನೂ ದೂರವಿರುವಾಗಲೇ ಮೆಲ್ಲಗೆ ಹಿಡಿಯಲು ಶುರುಮಾಡಿ. ಡಿಸ್ಕ್ ಬ್ರೇಕಿನವರಿಗೆ ಒಂದೇ ಮಾತು: ತುಕ್ಕು ಬಿಡಿಸುವ ಸ್ಪ್ರೇ ಡಿಸ್ಕಿನ ಹತ್ತಿರ ತರಬೇಡಿ. ಒಂದು ಹನಿ ತಾಗಿದರೂ ಪ್ಯಾಡು ಎಣ್ಣೆ ಕುಡಿದು ಹಿಡಿತ ಕಳೆದುಕೊಳ್ಳುತ್ತದೆ.

ಕೊಬ್ಬರಿ ಎಣ್ಣೆ ತಲೆಗಿರಲಿ, ಚೈನಿನ ಮೇಲೆ ಒಂದು ಮಳೆಗೂ ನಿಲ್ಲುವುದಿಲ್ಲ. ಮಳೆಗಾಲಕ್ಕೆ ಗಟ್ಟಿ ಎಣ್ಣೆ ಬೇಕು. ಗಿಯರ್ ಆಯಿಲ್ 90 ಆದೀತು. ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿದ ಬ್ರಷ್ಷಿನಲ್ಲಿ ಉಜ್ಜಿ, ಒಣಗಿಸಿ, ಪ್ರತಿ ರೋಲರಿನ ಮೇಲೆ ಒಂದೇ ಒಂದು ಹನಿ, ಪೆಡಲನ್ನು ಹಿಂದಕ್ಕೆ ಹತ್ತು ಸುತ್ತು. ಕೊನೆಯ ಕೆಲಸ ಎಲ್ಲರೂ ಬಿಡುವುದು: ಹೊರಗಿನ ಎಣ್ಣೆ ಬಟ್ಟೆಯಲ್ಲಿ ಪೂರ್ತಿ ಒರೆಸುವುದು. ಹೊರಗೆ ಉಳಿದ ಎಣ್ಣೆ ಧೂಳು ಹಿಡಿಯುತ್ತದಷ್ಟೆ. ಚೈನು ಸವೆದಿದೆಯೋ ಎಂದು ತಿಳಿಯಲು ಇಂಚಿನ ಸ್ಕೇಲ್ ಸಾಕು. ಹೊಸ ಚೈನಿನಲ್ಲಿ ಒಂದು ಪಿನ್ನಿನಿಂದ 24 ಪಿನ್ ಎಣಿಸಿದರೆ ಸರಿಯಾಗಿ 12 ಇಂಚು. ಅದು ಇಂಚಿನ ಹದಿನಾರರಲ್ಲಿ ಒಂದು ಪಾಲು ಹೆಚ್ಚಾದರೆ ಚೈನು ಬದಲಿಸಿ. ಎಂಟರಲ್ಲಿ ಒಂದು ಪಾಲು ಹೆಚ್ಚಾಗುವವರೆಗೆ ಬಿಟ್ಟರೆ ಫ್ರೀವೀಲಿನ ಹಲ್ಲೂ ಹೋಗಿರುತ್ತದೆ.

ಪ್ರಶ್ನೆ: ಪುಣೆಯ ಕೋಥ್ರೂಡ್‌ನಿಂದ ಚಾಂದನಿ ಚೌಕ್ ಏರಿ ಬಾವಧನ್ ಕಡೆ ಹೋಗಬೇಕು. 700 x 38 ಟೈರಿನ ಎರಡು ಸೈಕಲ್ ನೋಡಿದ್ದೇನೆ. ಒಂದು 21 ಗಿಯರು (ಮುಂದೆ 42-34-24, ಹಿಂದೆ 14-28), ಇನ್ನೊಂದು 8 ಗಿಯರು (ಮುಂದೆ 42, ಹಿಂದೆ 11-34). ಬೆಲೆಯಲ್ಲಿ 8 ಗಿಯರಿನದೇ ಜಾಸ್ತಿ, ಇದೆಂಥ ಲೆಕ್ಕ? ನನ್ನ ತೂಕ 82 ಕಿಲೋ.

ಗಿಯರುಗಳ ಸಂಖ್ಯೆ ಅಂಗಡಿಯವರ ಭಾಷೆ. ಏರಿಗೆ ಬೇಕಾದ ಲೆಕ್ಕ ಎರಡೇ: ಮುಂದಿನ ಅತಿ ಸಣ್ಣದು, ಹಿಂದಿನ ಅತಿ ದೊಡ್ಡದು. ಮೊದಲನೆಯದರಲ್ಲಿ 24/28, ಪೆಡಲ್ ಸುತ್ತಿಗೆ ಸುಮಾರು 1.9 ಮೀಟರ್. ಎರಡನೆಯದರಲ್ಲಿ 42/34, ಅಂದರೆ 2.7 ಮೀಟರ್. ನೂರು ಮೀಟರಿಗೆ 6 ಮೀಟರ್ ಏರುವ ದಾರಿ ಎಂದುಕೊಳ್ಳಿ. ನಿಮ್ಮ ತೂಕ, ಸೈಕಲ್ಲು, ಬ್ಯಾಗು ಸೇರಿ 100 ಕಿಲೋ. ನಿಮಿಷಕ್ಕೆ 60 ಸುತ್ತು ತುಳಿದರೆ ಮೊದಲನೆಯದರಲ್ಲಿ ಸುಮಾರು 120 ವ್ಯಾಟ್ ಬೇಕು, ಎರಡನೆಯದರಲ್ಲಿ 170ಕ್ಕೂ ಮೇಲೆ. ಇಸ್ತ್ರಿ ಮಾಡಿದ ಶರ್ಟಿನಲ್ಲಿ ಹೋಗುವವರು 170 ವ್ಯಾಟ್ ಹಾಕಿದರೆ ಮೇಲೆ ತಲುಪುವಷ್ಟರಲ್ಲಿ ಶರ್ಟು ಹಿಂಡಬೇಕು.

ಹಾಗಿದ್ದರೂ ನಿಮ್ಮ ತೂಕಕ್ಕೆ ಎರಡನೆಯದನ್ನೇ ಕೊಂಡು, ಮುಂದಿನ 42 ತೆಗೆಸಿ 34 ಹಾಕಿಸಿ ಎನ್ನುತ್ತೇವೆ. (ಕ್ರ್ಯಾಂಕಿಗೆ, ಅಂದರೆ ಪೆಡಲಿನ ತೋಳಿಗೆ, 34 ಕೂರುತ್ತದೆಯೇ ಎಂದು ಕೊಳ್ಳುವ ಮುಂಚೆಯೇ ಕೇಳಿ, ಬೋಲ್ಟುಗಳ ವೃತ್ತ ದೊಡ್ಡದಿದ್ದರೆ ಆಗದು, ಆಗ ಕ್ರ್ಯಾಂಕನ್ನೇ ಬದಲಿಸಬೇಕು.) ಚೈನನ್ನೂ ಕೆಲವು ಕೊಂಡಿ ಕಡಿಮೆ ಮಾಡಬೇಕಾಗುತ್ತದೆ. 34/34ರಲ್ಲಿ ಸುತ್ತಿಗೆ 2.2 ಮೀಟರ್, ಸಾಕು. ಬೆಲೆ ಜಾಸ್ತಿ ಇರುವುದಕ್ಕೂ ಕಾರಣ ಇದೆ: 21 ಗಿಯರಿನದರಲ್ಲಿ ಹಿಂದೆ ಇರುವುದು ತಿರುಪಿ ಕೂರಿಸುವ ಫ್ರೀವೀಲ್. ಅದರಲ್ಲಿ ಬಲಗಡೆಯ ಬೇರಿಂಗ್ ಒಳಕ್ಕೆ ಸರಿದಿರುತ್ತದೆ, ಅಚ್ಚಿನ ಬಲತುದಿಗೆ ಆಸರೆ ಇಲ್ಲ. ಭಾರದ ಸವಾರ, ಹಿಂದೆ ಬ್ಯಾಗು, ಒಂದು ಗುಂಡಿ: ಅಚ್ಚು ಬಾಗುತ್ತದೆ. 8 ಗಿಯರಿನದರಲ್ಲಿರುವ, ಹಲ್ಲುಚಕ್ರಗಳನ್ನು ಜಾರಿಸಿ ಕೂರಿಸುವ ಕ್ಯಾಸೆಟ್ ಹಬ್‌ನಲ್ಲಿ ಬೇರಿಂಗ್ ತುದಿಯವರೆಗೂ ಇರುವುದರಿಂದ ಆ ತೊಂದರೆ ಇಲ್ಲ. 60-65 ಕಿಲೋದವರು ಕೇಳಿದ್ದರೆ 21 ಗಿಯರಿನದನ್ನೇ ತೆಗೆದುಕೊಳ್ಳಿ ಎನ್ನುತ್ತಿದ್ದೆವು.

ಹೊಸ ಚಕ್ರವನ್ನು ಒಂದು ತಿಂಗಳಾದ ಮೇಲೆ ಔಟ್ (ಓಲಾಟ) ತೆಗೆಸಿ, ಕಡ್ಡಿಗಳ ಬಿಗಿ ಸಮ ಮಾಡಿಸಿ. ಹಿಂದಿನ ಚಕ್ರದಲ್ಲಿ ಕಡ್ಡಿಗಳು ಹಬ್ಬಿನ ಬಾಗಿನಲ್ಲೇ ಮುರಿಯುತ್ತಿದ್ದರೆ ‘ಬಿಗಿ ಜಾಸ್ತಿಯಾಯಿತು’ ಎಂದು ಸಡಿಲಿಸುವ ಮೆಕ್ಯಾನಿಕ್‌ಗಳಿದ್ದಾರೆ. ಸಾಮಾನ್ಯವಾಗಿ ಕಾರಣ ತದ್ವಿರುದ್ಧ: ಸಡಿಲ ಕಡ್ಡಿ ಪ್ರತಿ ಸುತ್ತಿನಲ್ಲೂ ಸೆಳೆದು ಬಿಟ್ಟು ದಣಿದು ತುಂಡಾಗುತ್ತದೆ.

ಪ್ರಶ್ನೆ: ವಾಸ್ಕೋದಲ್ಲಿ ಸಮುದ್ರದ ಪಕ್ಕ ಮನೆ. ಸೈಕಲ್ಲಿಗೆ ತುಕ್ಕೇ ತುಕ್ಕು. ಅಲ್ಯೂಮಿನಿಯಂ ಫ್ರೇಮ್ ಕೊಂಡರೆ ಮುಗಿಯಿತೇ?

ಮುಗಿಯುವುದಿಲ್ಲ. ಅಲ್ಯೂಮಿನಿಯಂ ಮತ್ತು ಉಕ್ಕು ಒಂದಕ್ಕೊಂದು ತಾಗಿ, ನಡುವೆ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉಬ್ಬಿ ಎರಡೂ ಅಂಟಿಕೊಳ್ಳುತ್ತವೆ. ಸೀಟಿನ ಪೈಪು, ಬಾಟಲಿ ಹಿಡಿಕೆಯ ಬೋಲ್ಟು ಮೊದಲು ಸಿಕ್ಕಿಕೊಳ್ಳುವುದು ಅದಕ್ಕೇ. ಸೀಟಿನ ಪೈಪು, ಪೆಡಲ್ ಮರೆ, ಮಡ್‌ಗಾರ್ಡ್ ಬೋಲ್ಟು ಎಲ್ಲವನ್ನೂ ಒಮ್ಮೆ ಬಿಚ್ಚಿ ಗ್ರೀಸ್ ಹಚ್ಚಿ. ಸೀಟಿನ ಪೈಪನ್ನು ಎರಡು ತಿಂಗಳಿಗೊಮ್ಮೆ ಎಳೆದು, ಒರೆಸಿ, ಮತ್ತೆ ಹಚ್ಚಿ. ಸೀಟಿನ ಕಡೆಯಿಂದ ಇಳಿದ ನೀರು ಪೆಡಲ್ ಅಚ್ಚಿನ ಗೂಡಿನಲ್ಲಿ ನಿಲ್ಲುತ್ತದೆ. ಗೂಡಿನ ತಳದಲ್ಲಿ ತೂತಿದ್ದರೆ ಕೆಮ್ಮಣ್ಣಿನ ಕೆಸರು ಕಟ್ಟಿಕೊಳ್ಳದಂತೆ ಕಡ್ಡಿ ಆಡಿಸುತ್ತಿರಿ. ತೊಳೆಯಲು ಬಕೆಟ್ ಮತ್ತು ಮಗ್ ಸಾಕು. ಕಾರು ತೊಳೆಯುವ ಪ್ರೆಶರ್ ಪೈಪು ಬೇರಿಂಗಿನೊಳಗೆ ನೀರು ನುಗ್ಗಿಸುತ್ತದೆ.

ಪ್ರಶ್ನೆ: ಲ್ಯಾಪ್‌ಟಾಪ್, ಊಟದ ಡಬ್ಬಿ, ಮಳೆಕೋಟು ಹೇಗೆ ಒಯ್ಯುವುದು? (ಠಾಣೆ)

ಬೆನ್ನ ಮೇಲಂತೂ ಬೇಡ, ಬೆವರಿಗೆ ಅದೇ ದೊಡ್ಡ ಕಾರಣ. 25 ಕಿಲೋ ಎಂದು ಗುರುತಿರುವ ಕ್ಯಾರಿಯರ್, ಪಕ್ಕಕ್ಕೆ ನೇತುಹಾಕುವ ಚೀಲ. ಚೀಲವನ್ನು ಹಿಂದಕ್ಕೆ ಸರಿಸಿ ಕೂರಿಸಿ, ಇಲ್ಲವಾದರೆ ಹಿಮ್ಮಡಿ ಬಡಿಯುತ್ತದೆ. ಮಡ್‌ಗಾರ್ಡ್ ಟೈರಿಗಿಂತ 10 ಮಿ.ಮೀ. ಅಗಲವಿರಲಿ, ಮುಂದಿನದರ ತುದಿಗೆ ನೆಲದ ಹತ್ತಿರದವರೆಗೆ ರಬ್ಬರ್ ಫ್ಲ್ಯಾಪ್ ಹಚ್ಚಿ. ಬೂಟು ಒದ್ದೆಯಾಗುವುದು ಮುಂದಿನ ಚಕ್ರದಿಂದ. ಬೋಲ್ಟುಗಳಿಗೆ ನೈಲಾನ್ ನಟ್ಟು, ಬರೀ ನಟ್ಟು ಅದುರಿ ಬೀಳುತ್ತದೆ. ಸ್ಟ್ಯಾಂಡಿನ ವಿಷಯದಲ್ಲಿ ಡಬ್ಬಾವಾಲಾಗಳ ಹಳೇ ಮಾದರಿಯ ಸೈಕಲ್ಲನ್ನು ನೋಡಿ ಕಲಿಯಬೇಕು: ಹಿಂದಿನ ಚಕ್ರವನ್ನೇ ಎತ್ತಿ ನಿಲ್ಲಿಸುವ ಎರಡು ಕಾಲಿನ ಸ್ಟ್ಯಾಂಡು. ಒಂಟಿಕಾಲಿನದು ಭಾರ ಹಾಕಿದ ಕೂಡಲೇ ವಾಲುತ್ತದೆ. ಅದನ್ನು ಪೈಪಿಗೆ ಅಡ್ಡ ಬಿಗಿದರೆ ತೆಳು ಅಲ್ಯೂಮಿನಿಯಂ ನಜ್ಜಾಗುವುದೂ ಉಂಟು.

ಪ್ರಶ್ನೆ: ತಿಂಗಳಿಗೆ ಎರಡು ಸಲ ಪಂಕ್ಚರ್. ಟೈರಲ್ಲಿ ಮುಳ್ಳು, ಮೊಳೆ ಏನೂ ಸಿಗುವುದಿಲ್ಲ. (ಡೊಂಬಿವಲಿ)

ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತು, ಹಾವು ಕಚ್ಚಿದ ಹಾಗೆ ಇದೆಯೇ? ಹಾಗಿದ್ದರೆ ಗಾಳಿ ಕಡಿಮೆಯಾಗಿ ಗುಂಡಿಯಲ್ಲಿ ರಿಮ್ಮು ಕಚ್ಚಿದೆ. ತೂತು ಒಳಬದಿಯಲ್ಲಿ, ಅಂದರೆ ಕಡ್ಡಿಯ ಕಡೆ ಇದ್ದರೆ ರಿಮ್ ಟೇಪ್ ಸರಿದು ಕಡ್ಡಿಯ ತುದಿ ಚುಚ್ಚುತ್ತಿದೆ, ಬಟ್ಟೆಯ ಹೊಸ ಟೇಪ್ ಹಾಕಿ. ವಾಲ್ವಿನ ಬುಡದಲ್ಲೇ ಹರಿಯುತ್ತಿದ್ದರೆ ರಿಮ್ಮಿನ ತೂತು ದೊಡ್ಡದು, ವಾಲ್ವು ಸಣ್ಣದು. ಸ್ಕೂಟರಿನಂಥ ದಪ್ಪ ವಾಲ್ವಿನ ಟ್ಯೂಬ್ ಕೇಳಿ. ಬೀದಿಯ ಪಂಕ್ಚರ್ ಅಂಗಡಿಯಲ್ಲಿ ಗಾಳಿ ತುಂಬಲೂ ಅದೇ ಅನುಕೂಲ, ಆದರೆ ಅಲ್ಲಿಯ ಕಂಪ್ರೆಸರ್ ಕ್ಷಣದಲ್ಲಿ ಮಿತಿ ಮೀರಿಸುತ್ತದೆ. ಸ್ವಲ್ಪಸ್ವಲ್ಪವೇ ಬಿಟ್ಟು, ಮೀಟರು ನೋಡಿಯೇ ತುಂಬಿಸಿ.