ಅಜ್ಜಿ ಅಷ್ಟು ಬೇಗ ಕ್ಷಮಿಸೋದು ಬೇಡ

ಪ್ರಿಯ ಬರಹಗಾರರೇ,

ನಿಮ್ಮ ಕಥೆ ‘ಕ್ಷಮೆ’ ಓದಿದೆ. ಈಗ ಇರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ನೀವು ತಿದ್ದಿ ಕಳಿಸಬೇಕು ಅಂತ ಆಸೆಯಿದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಪುಟ ಬಹಳ ಚೆನ್ನಾಗಿದೆ. ವಯಸ್ಸಾದ ಅಮೆರಿಕನ್ ಸೈನಿಕ ವಿಯೆಟ್ನಾಂನ ಮೈ ಲಾಯ್ ಎಂಬ ಊರಿನಲ್ಲಿ ಬಸ್ಸಿಳಿದು, ಗದ್ದೆಯ ಬದುವಿನ ಮೇಲೆ ಕಾಲಿಡಲು ಹಿಂಜರಿಯುತ್ತಾನೆ. ಅಲ್ಲಿ ನಾನು ನೆಟ್ಟಗೆ ಕೂತೆ. ಆಮೇಲೆ ಒಬ್ಬಳು ಅಜ್ಜಿ ಸಿಗುತ್ತಾಳೆ. ಅವನು ಅಳುತ್ತಾನೆ. ಅವಳು ತಲೆ ನೇವರಿಸಿ ‘ಹೋಗಲಿ ಬಿಡು ಮಗಾ’ ಅನ್ನುತ್ತಾಳೆ. ಎಲ್ಲ ಅರ್ಧ ಪುಟದಲ್ಲಿ!

ವಿಯೆಟ್ನಾಂ ಯುದ್ಧದ ನಡುವೆ, 1968ರ ಮಾರ್ಚ್ 16ರಂದು ಅಲ್ಲಿ ಅಮೆರಿಕನ್ ಸೈನಿಕರ ಕೈಯಲ್ಲಿ ಸತ್ತವರೆಂದು ಸ್ಮಾರಕದಲ್ಲಿ ಬರೆದಿರುವುದು 504 ಹೆಸರು. ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಶಿಕ್ಷೆಯಾದದ್ದು ಲೆಫ್ಟಿನೆಂಟ್ ವಿಲಿಯಂ ಕ್ಯಾಲಿ ಒಬ್ಬನಿಗೆ. ಜೀವಾವಧಿ ಅಂದರು, ಕೆಲವೇ ವರ್ಷಗಳಲ್ಲಿ ಬಿಟ್ಟರು, ಅದರಲ್ಲೂ ಹೆಚ್ಚಿನದು ಗೃಹಬಂಧನ. ಅವನು ಎಲ್ಲರೆದುರು ಕ್ಷಮೆ ಕೇಳಿದ್ದು 2009ರಲ್ಲಿ, ಅದೂ ತನ್ನ ದೇಶದ ಕೊಲಂಬಸ್ ಊರಿನ ಒಂದು ಕ್ಲಬ್ಬಿನಲ್ಲಿ.

ಅವತ್ತು ಹ್ಯೂ ಥಾಂಪ್ಸನ್ ಎಂಬ ಪೈಲಟ್, ತನ್ನದೇ ಸೈನ್ಯಕ್ಕೂ ಊರಿನವರಿಗೂ ನಡುವೆ ಹೆಲಿಕಾಪ್ಟರ್ ಇಳಿಸಿ ಕೆಲವರ ಜೀವ ಉಳಿಸಿದ. 1998ರಲ್ಲಿ, ಅವತ್ತು ಅದೇ ಹೆಲಿಕಾಪ್ಟರಿನಲ್ಲಿದ್ದ ಲ್ಯಾರಿ ಕೋಲ್ಬರ್ನ್ ಜೊತೆ ಮತ್ತೆ ಅಲ್ಲಿಗೆ ಹೋದ. ಬದುಕುಳಿದ ಹೆಂಗಸೊಬ್ಬಳು ಕೇಳಿದಳಂತೆ: ಕೊಂದವರು ನಿಮ್ಮ ಜೊತೆ ಯಾಕೆ ಬರಲಿಲ್ಲ, ಬಂದಿದ್ದರೆ ಕ್ಷಮಿಸುತ್ತಿದ್ದೆವಲ್ಲ? ತನಗೆ ಮಾತ್ರ ಅಷ್ಟು ದೊಡ್ಡ ಮನಸ್ಸಿಲ್ಲ ಅಂತ ಥಾಂಪ್ಸನ್ ಆಮೇಲೆ ಹೇಳಿಕೊಂಡ.

ನೋಡಿ, ಅಲ್ಲೂ ಕ್ಷಮೆ ಇದೆ. ತೆಗೆದುಕೊಳ್ಳಬೇಕಾದವರೇ ಬಂದಿಲ್ಲ. ನಿಮ್ಮ ಸೈನಿಕನೋ ಬಂದಿದ್ದಾನೆ. ಸರಿ, ಅವತ್ತು ಅವನು ಏನು ಮಾಡಿದ? ‘ಯುದ್ಧದಲ್ಲಿ ಏನೇನೋ ನಡೆದುಹೋಯಿತು’ ಅಂತ ಜಾರಿಕೊಂಡಿದ್ದೀರಿ. ಗುಂಡು ಹೊಡೆದನಾ? ಸುಮ್ನೆ ನಿಂತು ನೋಡಿದನಾ? ಊರಿಗೆ ಹೋಗಿ ಹೆಂಡತಿಗೂ ಹೇಳದೆ ಇದ್ದುಬಿಟ್ಟನಾ? ಇದು ಗೊತ್ತಿಲ್ಲದೆ ಅಜ್ಜಿ ಕ್ಷಮಿಸುವುದಾದರೂ ಏನನ್ನು?

ಆ ಅಜ್ಜಿಗೆ ಮನೆಯಿಲ್ಲ, ಕೆಲಸವಿಲ್ಲ, ಕಳೆದುಕೊಂಡವರ ನೆನಪೂ ಇಲ್ಲ. ಅವನ ಕಣ್ಣೀರು ಒರೆಸಲೆಂದೇ ಹುಟ್ಟಿದವಳ ಹಾಗಿದ್ದಾಳೆ. ಇದು ನನಗೆ ನಿಜವಾಗಿಯೂ ನೋವು ಕೊಟ್ಟಿತು.

ಯುದ್ಧ 1975ರಲ್ಲೇ ಮುಗಿಯಿತು. ಆದರೂ ಕ್ವಾಂಗ್ ತ್ರಿ ಪ್ರಾಂತ್ಯದ ಮಣ್ಣಿನಲ್ಲಿ ಇವತ್ತಿಗೂ ಸೀಬೆಕಾಯಿ ಗಾತ್ರದ ಬಾಂಬುಗಳು ಸಿಗುತ್ತವೆ. ಮಕ್ಕಳು ಆಟದ ಸಾಮಾನು ಅಂತ ಎತ್ತಿಕೊಳ್ಳುತ್ತಾರೆ. ಗುಜರಿಗೆ ಹಾಕಿದರೆ ನಾಲ್ಕು ಕಾಸು ಸಿಗುತ್ತದೆಂದು ಒಡೆಯಲು ಹೋಗಿ ಕೈ ಕಳೆದುಕೊಂಡವರಿದ್ದಾರೆ. ಇವನ್ನು ತೆಗೆಸುವ ಕೆಲಸಕ್ಕೆ ಅಲ್ಲಿಯ ಜನರ ಜೊತೆ ಕೈಜೋಡಿಸಿದ ಅಮೆರಿಕನ್ ಮಾಜಿ ಸೈನಿಕರೂ ಇದ್ದಾರೆ. ಅಪ್ಪಿಕೊಂಡು ಅಳುವುದಕ್ಕಿಂತ ಇದು ದೊಡ್ಡದು ಅಂತ ನನಗನ್ನಿಸುತ್ತದೆ. ನಿಮ್ಮ ಸೈನಿಕ ಅತ್ತಾದ ಮೇಲೆ ಮರುದಿನ ಏನು ಮಾಡುತ್ತಾನೆ ಅಂತ ಯೋಚಿಸಿದ್ದೀರಾ?

ಕೆಲವು ತಪ್ಪುಗಳು. 1985ರಲ್ಲಿ ಅವನು ನ್ಯೂಯಾರ್ಕಿನಿಂದ ನೇರ ಹನೋಯ್‌ಗೆ ಹಾರುತ್ತಾನೆ. ಆಗ ಎರಡೂ ದೇಶಗಳ ನಡುವೆ ರಾಜತಾಂತ್ರಿಕ ಸಂಬಂಧವೇ ಇರಲಿಲ್ಲ, ಅದು ಶುರುವಾದದ್ದು 1995ರಲ್ಲಿ. ಹನೋಯ್ ಬೀದಿಯಲ್ಲಿ ಅಮೆರಿಕನ್ ಕಾಲಾಳುಗಳ ಕಾಳಗವೂ ನಡೆದಿಲ್ಲ. ಆ ನಗರದ ಮೇಲೆ ಅವರು ಹಾಕಿದ್ದು ವಿಮಾನದಿಂದ ಬಾಂಬು. ತಾವರೆ ಕೊಳದ ವರ್ಣನೆ ಪೂರ್ತಿ ತೆಗೆಯಿರಿ.

ಇನ್ನೊಂದು ಮಾತು. ಅಜ್ಜಿಗೆ ಇಂಗ್ಲಿಷ್ ಹೇಗೆ ಬಂತು? ನಡುವೆ ಒಬ್ಬ ದುಭಾಷಿ ಬೇಕಲ್ವಾ? ಯುದ್ಧ ಮುಗಿದ ಮೇಲೆ ಹುಟ್ಟಿದ, ಅದೇ ಊರಿನ ಹುಡುಗಿಯನ್ನು ತನ್ನಿ. ಸೈನಿಕ ಬಾಯಿಬಿಟ್ಟು ಹೇಳಿದ್ದನ್ನು ಅವಳು ಅಜ್ಜಿಯ ಮುಖ ನೋಡುತ್ತಾ ಹೇಳಬೇಕು. ಆ ಭಾಗವನ್ನು ನಿಧಾನವಾಗಿ ಬರೆಯಿರಿ, ಅಲ್ಲಿ ಪುಟ ಜಾಸ್ತಿಯಾದರೂ ಪರವಾಗಿಲ್ಲ. ಅಜ್ಜಿ ಏನು ಉತ್ತರ ಕೊಡುತ್ತಾಳೆ ಅಂತ ಮೊದಲೇ ತೀರ್ಮಾನಿಸಬೇಡಿ. ಅವಳು ಎದ್ದು ಒಳಗೆ ಹೋದರೂ ಹೋಗಲಿ.

ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳಿಸಿ. ನಾನೇ ಓದುತ್ತೇನೆ.

ಪ್ರೀತಿಯಿಂದ,
ಸಂಪಾದಕ